ಮುಳುಗಾಳಿಯ ಕೊನೆಯ ಸಂಚಿಕೆ

ಜನವರಿ 12

ಪ್ರೀತಿಯ ಅತ್ತಿಗೆಗೆ,

ತಲುಪಿದೆ ಎಂದು ಒಂದು ಕಾರ್ಡು ಹಾಕಿದ್ದು ಬಿಟ್ಟರೆ ಸರಿಯಾಗಿ ಬರೆದೇ ಇಲ್ಲ. ಬೈಯಬೇಡಿ. ರೂಮು ಹುಡುಕುವುದರಲ್ಲಿ ಕಾಲು ಸವೆದು ಹೋಯಿತು. ಕೊನೆಗೆ ಒಂದು ಹಳೆಪುಸ್ತಕದ ಅಂಗಡಿಯ ಮೇಲಿನ ಮಹಡಿ ಸಿಕ್ಕಿದೆ. ಮೆಟ್ಟಿಲು ಎಷ್ಟು ಕಡಿದೆಂದರೆ, ಇಳಿಯುವಾಗ ಏಣಿ ಇಳಿಯುವ ಹಾಗೆ ಬೆನ್ನು ತಿರುಗಿಸಿಕೊಂಡೇ ಇಳಿಯಬೇಕು. ಕಿಟಕಿಯಲ್ಲಿ ನಿಂತರೆ ಎದುರಿನ ಟೈಲರ್ ಅಂಗಡಿಯ ತಲೆಯಿಲ್ಲದ ಬೊಂಬೆ ನನ್ನನ್ನೇ ನೋಡುತ್ತದೆ, ತಲೆಯಿಲ್ಲದೆ ಹೇಗೆ ನೋಡುತ್ತದೋ ಗೊತ್ತಿಲ್ಲ. ಹಲ್ಲಿನ ಲ್ಯಾಬಿನಲ್ಲಿ ಊರಿನಲ್ಲಿ ಮಾಡುತ್ತಿದ್ದ ಕೆಲಸವೇ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಜೋಡಿಸಿ ಸೆಟ್ಟು ಮಾಡಿಕೊಡುತ್ತೇನೆ. ಹೆರಿಗೆ ರಜೆಗೆ ಹೋದ ಹುಡುಗಿಯ ಜಾಗ ಇದು, ಜುಲೈವರೆಗೆ ನನ್ನದು.

ಇನ್ನೊಂದು ವಿಷಯ, ಕೇಳಿದರೆ ನಗುತ್ತೀರಿ. ಮೇಣ ಕರಗಿಸುವ ಮೇಜಿಗೆ ಹಾಸಲು ರದ್ದಿ ಬೇಕಾಗಿತ್ತು. ಕೆಳಗಿನ ಅಂಗಡಿಯವರನ್ನು ಕೇಳಿದೆ. ಮುಖ ಎತ್ತದೆ ಒಂದು ಕಟ್ಟು ತೆಗೆದುಕೊಟ್ಟರು. ಬಿಚ್ಚಿ ಹಾಸಿದರೆ ಎಲ್ಲ ಕಾಮಿಕ್ಸ್. ಮೇಣದ ಹನಿ ಬಿದ್ದ ಜಾಗದಲ್ಲಿ ಹಿತ್ತಾಳೆಯ ದೊಡ್ಡ ಟೊಪ್ಪಿ ಹಾಕಿಕೊಂಡ ಒಬ್ಬ ಹೆಂಗಸು ನೀರಿನೊಳಗೆ ನಿಂತಿದ್ದಳು. ಆ ಹನಿಯನ್ನು ಉಗುರಿನಿಂದ ಕೆರೆದು ತೆಗೆದೆ. ಅಲ್ಲಿಗೆ ಶುರುವಾಯಿತು.

ನಮ್ಮ ಮನೆಯಲ್ಲಿ ಅಂಥ ಪುಸ್ತಕ ಇದ್ದೇ ಇರಲಿಲ್ಲವಲ್ಲ. ಅಪ್ಪ ಅಮ್ಮ ಹೋದಾಗ ಅಣ್ಣನಿಗೇ ಇನ್ನೂ ಮೀಸೆ ಮೂಡಿರಲಿಲ್ಲ. ನನಗೆ ಪಾಠದ ಪುಸ್ತಕ ತಂದುಕೊಡುವುದೇ ಅವನಿಗೆ ಹರಸಾಹಸ. ಬೊಂಬೆ ನೋಡುವುದು ಓದಲ್ಲ ಎನ್ನುತ್ತಿದ್ದ, ನಾನೂ ನಂಬಿಕೊಂಡಿದ್ದೆ. ಹೀಗಾಗಿ ನಲವತ್ತಾರನೇ ವಯಸ್ಸಿನಲ್ಲಿ ಕಾಮಿಕ್ಸ್ ಹೇಗೆ ಓದುವುದೆಂದೇ ನನಗೆ ತಿಳಿಯಲಿಲ್ಲ, ಅತ್ತಿಗೆ. ಮೊದಲು ಚಿತ್ರ ಬಿಟ್ಟು ಮಾತು ಮಾತ್ರ ಓದಿದೆ, ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಎಡಗಡೆ ಪುಟದ ಮೇಲಿನ ಸಾಲು ಓದಿ, ಹಾಗೇ ನೇರವಾಗಿ ಬಲಗಡೆ ಪುಟಕ್ಕೆ ಹೋದೆ. ಒಬ್ಬ ಮೊದಲು ಮುಳುಗಿ ಸತ್ತ, ಆಮೇಲೆ ಹಡಗು ಹತ್ತಿದ, ಕಡೆಗೆ ಟಿಕೀಟು ಕೊಂಡ. ನಾಚಿಕೆ ಬಿಟ್ಟು ಕೆಳಗೆ ಹೋಗಿ ಕೇಳಿದೆ. ಅಂಗಡಿಯವರು ನನ್ನ ಬೆರಳು ಹಿಡಿದು ಒಂದೊಂದೇ ಚೌಕದ ಮೇಲೆ ನಡೆಸಿದರು. ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿದ ಹಾಗಾಯಿತು.

ಓದಿದ್ದನ್ನು ನಿಮಗೂ ಕಳಿಸಿದ್ದೇನೆ. ನಮ್ಮೂರ ಆಸ್ಪತ್ರೆಯ ಕೆಲಸದ ಅರ್ಜಿಯ ಬಗ್ಗೆ ಆಮೇಲೆ ಬರೆಯುತ್ತೇನೆ.

ನಿಮ್ಮ ನಾದಿನಿ


ಜನವರಿ 24

ಪ್ರೀತಿಯ ಹಲ್ಲುಪುಡಿಗೆ,

ಅಂಚೆಯವನು ಕಟ್ಟು ತಂದಾಗ ಏನೋ ಬೆಲೆಬಾಳುವುದು ಕಳಿಸಿದ್ದೀಯೆಂದು ಕೈ ತೊಳೆದುಕೊಂಡು ಬಿಚ್ಚಿದೆ. ನೋಡಿದರೆ ಬೊಂಬೆ ಪುಸ್ತಕ. ಕೂದಲು ನೆರೆಯುವ ಕಾಲದಲ್ಲಿ ನಿನಗೆ ಇದೆಲ್ಲಿಯ ಹುಚ್ಚು? ಅಟ್ಟದ ಮೇಲೆ ಎಸೆದಿದ್ದೇನೆ, ಬಂದಾಗ ನೀನೇ ಇಳಿಸಿಕೋ.

ಫೋನು ಮಾಡಿ ಎಂದು ಕಾರ್ಡಿನಲ್ಲಿ ಬರೆದಿದ್ದೀಯ. ಮಾಡುವುದಿಲ್ಲ. ದಿನವಿಡೀ ಸ್ಟೇಷನ್ನಿನ ಮೈಕಿನ ಮುಂದೆ ಬರುವ ಗಾಡಿ ಹೋಗುವ ಗಾಡಿ ಎಲ್ಲವನ್ನೂ ಕೂಗಿ ಕೂಗಿ ಮನೆಗೆ ಬಂದ ಮೇಲೆ ನನಗೆ ಬಾಯಿ ಬಿಡುವುದೇ ಬೇಡವೆನಿಸುತ್ತದೆ. ಕಾಗದದಲ್ಲಾದರೆ ಗಂಟಲು ನೋಯುವುದಿಲ್ಲ.

ಆಸ್ಪತ್ರೆಯ ಹಲ್ಲಿನ ವಿಭಾಗದ ದೊಡ್ಡ ಡಾಕ್ಟರನ್ನು ನಿಮ್ಮಣ್ಣ ಮತ್ತೆ ಕಂಡು ಬಂದರು. ಜಾಗ ನಿನಗೇ ಎಂದಿದ್ದಾರಂತೆ, ನಿನ್ನ ಅರ್ಜಿಯೊಂದು ಬಂದರೆ ಸಾಕಂತೆ. ನಿನ್ನ ಕೋಣೆಗೆ ಬಣ್ಣ ಹೊಡೆಸೋಣವೆಂದಿದ್ದೇವೆ. ಯಾವ ಬಣ್ಣ ಹೇಳು.

ಇರಲಿ, ಈ ಅಂಗಡಿಯವರು ಯಾರು? ಬೆರಳು ಹಿಡಿದು ನಡೆಸಿದರು ಎಂದು ಬರೆದಿದ್ದೀಯ. ಬಾಯಲ್ಲಿ ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲವೇ? ನಿಮ್ಮಣ್ಣನಿಗೆ ಆ ಸಾಲು ಓದಿ ಹೇಳಲಿಲ್ಲ, ಹಾರಿಸಿಬಿಟ್ಟೆ.

ನಿನ್ನ ಅತ್ತಿಗೆ


ಫೆಬ್ರವರಿ 9

ಪ್ರೀತಿಯ ಅತ್ತಿಗೆಗೆ,

ಅಟ್ಟದ ಮೇಲೆ ಎಸೆದಿರಾ? ಎಸೆದರೆ ಎಸೆಯಿರಿ, ಇನ್ನೊಂದು ಕಟ್ಟು ಕಳಿಸುತ್ತಿದ್ದೇನೆ. ಅದರ ಪಕ್ಕದಲ್ಲೇ ಇಡಿ.

ನನ್ನ ಅವಸ್ಥೆ ಹೇಳುತ್ತೇನೆ ಕೇಳಿ. ಈಗ ಎಲ್ಲರ ತಲೆಯ ಮೇಲೂ ನನಗೆ ಗುಳ್ಳೆ ಕಾಣುತ್ತದೆ. ಕಾಮಿಕ್ಸಿನಲ್ಲಿ ಮಾತಾಡಿದರೆ ಬಾಲವಿರುವ ಗುಳ್ಳೆ, ಮನಸ್ಸಿನಲ್ಲೇ ಅಂದುಕೊಂಡರೆ ಮೋಡದಂಥ ಗುಳ್ಳೆ. ನಮ್ಮ ಲ್ಯಾಬಿನ ಮ್ಯಾನೇಜರು ನಿಮ್ಮ ಕೆಲಸ ಬಹಳ ಚೆನ್ನಾಗಿದೆ ಎನ್ನುವಾಗ ಅವರ ತಲೆಯ ಮೇಲಿನ ಮೋಡದಲ್ಲಿ ಬೇರೆಯೇ ಬರೆದಿರುತ್ತದೆ. ನಿನ್ನೆ ಅವರು ಬಾಗಿಲು ಹಾಕಿಕೊಂಡಾಗ ನನಗೆ ಧಡಾರ್ ಎಂಬ ಅಕ್ಷರಗಳೇ ಕಂಡವು, ಹಳದಿ ಬಣ್ಣದಲ್ಲಿ.

ನಾನು ಓದುತ್ತಿರುವ ಕಥೆಯ ನಾಯಕಿಯ ಹೆಸರು ಮುಳುಗಾಳಿ. ಸಮುದ್ರದ ತಳದಲ್ಲಿ ಮುಳುಗಿದ ಹಡಗುಗಳಿಗೆ ಇಳಿದು, ಸತ್ತವರ ಸಾಮಾನು ತಂದು ಅವರವರ ಮನೆಗೆ ಮುಟ್ಟಿಸುವುದು ಅವಳ ಕೆಲಸ. ಮೇಲೆ ದೋಣಿಯಲ್ಲಿ ಅವಳಿಗೆ ಗಾಳಿಯ ಪಂಪು ಒತ್ತುವವನು ಒಬ್ಬ ದಪ್ಪ ಅಡುಗೆಯವನು. ಅವಳ ವೈರಿ ಹವಳ ಕದಿಯುವ ಹವಳದ ದೊರೆ. ಸದಾ ಹಲ್ಲು ಕಿರಿಯುತ್ತಾನೆ. ಒಂದು ಕಥೆ ಮುಗಿದು ಇನ್ನೊಂದಕ್ಕೆ ಎಲ್ಲೋ ಒಂದು ಎಳೆ ಇರುತ್ತದೆ. ಊಟ ಮರೆತು ಓದುತ್ತೇನೆ. ಬೊಂಬೆ ನೋಡುವುದು ಓದಲ್ಲವಂತೆ. ಎರಡು ಚೌಕಗಳ ನಡುವೆ ಏನಾಯಿತು ಎಂದು ನಾವೇ ಕಟ್ಟಿಕೊಳ್ಳಬೇಕು, ಅಷ್ಟು ಕೆಲಸ ನನ್ನಿಂದ ಯಾವ ಪುಸ್ತಕವೂ ಮಾಡಿಸಿರಲಿಲ್ಲ ಎಂದು ಅಣ್ಣನಿಗೆ ಹೇಳಿ.

ಸಂಜೆ ಲ್ಯಾಬಿನಿಂದ ಬಂದು ಅಂಗಡಿಯಲ್ಲೇ ಕೂರುತ್ತೇನೆ. ಅಂಗಡಿಯವರು ಹೆಚ್ಚು ಮಾತಿನವರಲ್ಲ. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅವರ ಜೊತೆ ಸುಮ್ಮನೆ ಕೂತಿದ್ದರೂ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಕೋಣೆಗೆ ಈಗಲೇ ಬಣ್ಣ ಬೇಡ, ಅತ್ತಿಗೆ.

ನಿಮ್ಮ ನಾದಿನಿ


ಫೆಬ್ರವರಿ 20

ಪ್ರೀತಿಯ ಹಲ್ಲುಪುಡಿಗೆ,

ಎರಡನೇ ಕಟ್ಟೂ ಅಟ್ಟ ಸೇರಿತು.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಅಂಗಡಿಯವರು ಯಾರು, ಎಂಥವರು, ಮನೆಯಲ್ಲಿ ಯಾರು ಯಾರಿದ್ದಾರೆ? ಸುಮ್ಮನೆ ಕೂತರೂ ಹೊತ್ತು ಹೋಗುತ್ತದಂತೆ. ನಿಮ್ಮಣ್ಣನನ್ನು ಮದುವೆಯಾಗುವ ಮುಂಚೆ ನಾನೂ ನಮ್ಮಮ್ಮನಿಗೆ ಹೀಗೇ ಹೇಳಿದ್ದೆ. ಆಮೇಲೆ ಏನಾಯಿತೆಂದು ನಿನಗೇ ಗೊತ್ತು, ಇಪ್ಪತ್ತೈದು ವರ್ಷದಿಂದ ಸುಮ್ಮನೇ ಕೂತಿದ್ದೇವೆ.

ನಾನು ಕೆಟ್ಟದಾಗಿ ಹೇಳುತ್ತಿಲ್ಲ. ನಿನಗೆ ಬೇಡವೆಂದು ನೀನೇ ಬಂದ ಸಂಬಂಧಗಳನ್ನೆಲ್ಲ ತಳ್ಳಿದವಳು. ಮನಸ್ಸು ಬದಲಾದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಕಣ್ಣುಮುಚ್ಚಿಕೊಂಡು ಬೀಳಬೇಡ. ಆ ಅಡುಗೆಯವನನ್ನೇ ನೋಡು, ಎಷ್ಟು ನಂಬಿಕಸ್ಥನ ಹಾಗಿದ್ದ. ದೊರೆಯ ಹಡಗಿನಲ್ಲಿ ತಿಂಡಿಗೆ ಆಸೆಪಟ್ಟು ಪಂಪು ಬಿಟ್ಟು ಹೋದನಲ್ಲ.

ಅಟ್ಟದ ದೂಳು ಹೊಡೆಯುವಾಗ ಒಂದು ಪುಟ ತೆರೆದುಕೊಂಡಿತ್ತು, ಕಣ್ಣಿಗೆ ಬಿತ್ತು, ಅಷ್ಟೆ.

ನಿನ್ನ ಅತ್ತಿಗೆ


ಮಾರ್ಚ್ 14

ಪ್ರೀತಿಯ ಅತ್ತಿಗೆಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಲ್ಯಾಬಿಗೆ ಹೊತ್ತಾಯಿತು.

ಅಂಗಡಿಯವರ ವಿಷಯ ಒಂದು ಗೊತ್ತಾಗಿದೆ. ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದಾರೆ, ಹಾಗಾಗಿ ನಿಮಗೂ ಹೇಳುವಂತಿಲ್ಲ. ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಬಿಡಲಿಲ್ಲ. ನಿನ್ನೆ ಕೊನೆಗೆ ಒಪ್ಪಿಕೊಂಡರು. ನಾವಿಬ್ಬರೂ ಸೇರಿ ಒಂದು ದೊಡ್ಡ ನಿರ್ಧಾರ ಮಾಡಿದ್ದೇವೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಅವರು ಕೇಳಿದರು. ಬೇಕು ಎಂದೆ. ನನ್ನ ಕೈ ನಡುಗುವುದಿಲ್ಲ, ನಿಮ್ಮ ಕೈ ಹಿಡಿದುಕೊಳ್ಳುತ್ತೇನೆ ಎಂದೆ.

ಅಲ್ಲಿನ ಅರ್ಜಿ ಸದ್ಯಕ್ಕೆ ಹಾಕುವುದಿಲ್ಲ. ಅಣ್ಣನಿಗೆ ನಿಧಾನವಾಗಿ ಹೇಳಿ.

ನಿಮ್ಮ ನಾದಿನಿ


ಮಾರ್ಚ್ 22

ನನ್ನ ಹಲ್ಲುಪುಡಿಗೆ,

ಕಾಗದ ಓದಿ ಗೋಡೆಗೆ ಒರಗಿ ಕೂತುಬಿಟ್ಟೆ. ಅವತ್ತು ಸ್ಟೇಷನ್ನಿನಲ್ಲಿ ಎರಡನೇ ಪ್ಲಾಟ್‌ಫಾರ್ಮಿಗೆ ಬರುವ ಗಾಡಿಯನ್ನು ಐದನೆಯದಕ್ಕೆ ಬರುತ್ತದೆಂದು ಕೂಗಿದೆ. ಜನ ಗಂಟುಮೂಟೆ ಹೊತ್ತುಕೊಂಡು ಓಡಿದ್ದು ನೋಡಬೇಕಿತ್ತು. ಅದಕ್ಕೆಲ್ಲ ನೀನೇ ಕಾರಣ.

ಕೋಪವಿಲ್ಲ. ನಿಜ ಹೇಳಬೇಕೆಂದರೆ ಸಂತೋಷವೇ. ಯಾರಿಗೂ ಹೇಳಬೇಡಿ ಎಂದರಲ್ಲ, ಅದೊಂದು ಮಾತ್ರ ನನಗೆ ಸರಿಹೋಗಲಿಲ್ಲ. ಏನು ಗುಟ್ಟು ಅದು? ಮೊದಲನೇ ಹೆಂಡತಿಯೇ? ಇದ್ದರೆ ಈಗೆಲ್ಲಿದ್ದಾಳೆ? ಒಂದು ವಾರ ಮುಖ ಕೊಡದ ಗಂಡಸು ಮುಂದೆ ಒಂದು ತಿಂಗಳು ಕೊಡದೆ ಇರಬಹುದು, ಅದಕ್ಕೂ ತಯಾರಾಗಿರು. ಮಾತು ಬಿಟ್ಟವರನ್ನು ಮಾತಿಗೆ ಎಳೆಯಬೇಡ, ಎದುರಿಗೆ ಕೂತು ತಿನ್ನುತ್ತಿರು. ತಾವಾಗಿ ಬರುತ್ತಾರೆ. ಇದು ನನ್ನ ಅನುಭವ.

ನಿಮ್ಮಣ್ಣನೇ ಬಂದು ಅವರನ್ನು ನೋಡಿ ಮಾತಾಡುತ್ತಿದ್ದರು. ಆದರೆ ಸದ್ಯಕ್ಕೆ ಅವರಿಗೆ ಪ್ರಯಾಣ ಆಗುವುದಿಲ್ಲ, ಕೆಲಸ ಜಾಸ್ತಿ. ಫೋಟೋ ಇದ್ದರೆ ಕಳಿಸು.

ನಿನ್ನ ಅತ್ತಿಗೆ


ಮಾರ್ಚ್ 30

ಅತ್ತಿಗೆ,

ನಿಮ್ಮ ಕಾಗದವನ್ನು ಅಂಗಡಿಯವರಿಗೆ ಓದಿ ಹೇಳಿದೆ. ಹೇಳಬಾರದಿತ್ತೇನೋ, ಆದರೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತು. ಆ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅವರಿಗೆ ಎಪ್ಪತ್ತಾರು, ಅತ್ತಿಗೆ. ಮೊಮ್ಮಗಳಿಗೆ ಮದುವೆಯಾಗಿದೆ. ನಿಮ್ಮ ಅತ್ತಿಗೆಗೆ ಎಲ್ಲ ಹೇಳಿಬಿಡಿ, ಇಲ್ಲದಿದ್ದರೆ ನನಗೆ ಮದುವೆ ಮಾಡಿಸಿಬಿಡುತ್ತಾರೆ ಎಂದು ಅನುಮತಿ ಕೊಟ್ಟಿದ್ದಾರೆ.

ನಡೆದದ್ದು ಇಷ್ಟು. ಮುಳುಗಾಳಿಯ ಕಡೆಯ ಸಂಚಿಕೆ ಓದಿದೆ. ನಾನು ಓದುವ ಮೊದಲೇ ಅದರ ಇನ್ನೊಂದು ಪ್ರತಿ ನಿಮ್ಮ ಎರಡನೇ ಕಟ್ಟಿಗೆ ಸೇರಿತ್ತು, ಎಲ್ಲಕ್ಕಿಂತ ಕೆಳಗಿದೆ. ಬೋರಲಾಗಿ ಮುಳುಗಿದ ಹಡಗಿನ ಒಳಗೆ ಅವಳಿದ್ದಾಳೆ. ಮೇಲಿನಿಂದ ಹವಳದ ದೊರೆ ಗಾಳಿಯ ಕೊಳವೆ ಕತ್ತರಿಸುತ್ತಾನೆ. ಮುಂದೇನಾಯಿತೋ ಎಂಬಲ್ಲಿಗೆ ಪುಸ್ತಕ ಮುಗಿಯುತ್ತದೆ. ಮುಂದಿನದು ಕೊಡಿ ಎಂದು ಅಂಗಡಿಯವರನ್ನು ಕೇಳಿದೆ. ಇಲ್ಲ ಎಂದರು. ಎಲ್ಲಿ ಸಿಗುತ್ತದೆ? ಎಲ್ಲೂ ಇಲ್ಲ, ಅಚ್ಚಾಗಲೇ ಇಲ್ಲ, ಪ್ರಕಾಶಕರು ಬಾಗಿಲು ಹಾಕಿಕೊಂಡರು ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲಿ, ಹೋಗಲಿ ಬಿಡಿ, ಇದನ್ನು ಬರೆದ ಪುಣ್ಯಾತ್ಮನಿಗೆ ಬಾಯಿಯ ಒಳಗೆ ಏನಿರುತ್ತದೆಂದೇ ಗೊತ್ತಿಲ್ಲ, ಹವಳದ ದೊರೆಯ ಮೇಲಿನ ಸಾಲಿನಲ್ಲೇ ಇಪ್ಪತ್ತೆರಡು ಹಲ್ಲು ಬರೆದಿದ್ದಾನೆ, ಮನುಷ್ಯನ ದವಡೆಯಲ್ಲಿ ಅಷ್ಟು ಹಿಡಿಸುವುದಿಲ್ಲ ಎಂದೆ.

ಅಂಗಡಿಯವರ ಮುಖ ಕೆಂಪಾಯಿತು. "ಬೇಕು ಅಂತಲೇ ಹಾಕಿದ್ದು. ಅವನನ್ನ ಕಂಡ್ರೆ ಹೆದರಿಕೆ ಆಗ್ಬೇಕು ಅಂತ," ಎಂದರು.

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಎದ್ದು ಹೋಗಿ ಒಳಗೆ ಕೂತುಬಿಟ್ಟರು. ಮೇಜಿಗೆ ಹಾಸಲು ನನಗೆ ಕೊಟ್ಟದ್ದು ಅವರೇ ಬರೆದ ಪುಸ್ತಕಗಳ ಕಟ್ಟು, ಅತ್ತಿಗೆ. ಯೋಚಿಸಿ.

ಈಗ ಅವರ ಕೈ ನಡುಗುತ್ತದೆ, ಪೆನ್ಸಿಲಿನಲ್ಲಿ ಗೀಚಬಲ್ಲರು, ಶಾಯಿಯ ಗೆರೆ ಎಳೆಯಲಾರರು. ನನ್ನ ಕೈ ಹಲ್ಲಿನ ತುದಿಯನ್ನು ಮೇಣದಲ್ಲಿ ಕೊರೆಯುವ ಕೈ. ಅವರು ಗೀಚಲಿ, ನಾನು ಶಾಯಿ ಹಾಕುತ್ತೇನೆ, ಕೊನೆಯ ಸಂಚಿಕೆ ಮುಗಿಸೋಣ ಎಂಬುದೇ ನಮ್ಮ ದೊಡ್ಡ ನಿರ್ಧಾರ. ಜೊತೆಗೆ ಅವರಿಗೊಂದು ಹಲ್ಲಿನ ಸೆಟ್ಟು ಮಾಡಿಕೊಡುತ್ತೇನೆ. ಆದರೆ ಒಂದು ತೊಡಕಿದೆ. ಅವಳನ್ನು ನೀರಿನಡಿಯಿಂದ ಹೇಗೆ ಹೊರಗೆ ತರುವುದೆಂದು ಅವರಿಗೇ ಗೊತ್ತಿಲ್ಲ. ಆಗಲೂ ಗೊತ್ತಿರಲಿಲ್ಲವಂತೆ. ಪ್ರಕಾಶಕರು ಬಾಗಿಲು ಹಾಕಿದಾಗ ಒಳಗೊಳಗೇ ಉಸಿರು ಬಿಟ್ಟೆ ಎಂದರು.

ಅಂದಹಾಗೆ, ವಾಟರ್ ಸಪ್ಲೈಯಿಂದ ರಿಟೈರಾಗಿ ಮನೆಯಲ್ಲಿರುವ ಅಣ್ಣನಿಗೆ ಯಾವ ಕೆಲಸ ಜಾಸ್ತಿ?

ನಿಮ್ಮ ನಾದಿನಿ


ಏಪ್ರಿಲ್ 25

ಪ್ರೀತಿಯ ಅತ್ತಿಗೆಗೆ,

ನಿಮ್ಮ ಉತ್ತರವಿಲ್ಲ. ಅರ್ಜಿ ಹಾಕುವುದಿಲ್ಲ ಎಂದದ್ದಕ್ಕೆ ಬೇಸರವೇ? ಅಣ್ಣ ಡಾಕ್ಟರ ಮುಂದೆ ಸಣ್ಣವನಾಗುವ ಹಾಗಾಯಿತೇ? ಅಥವಾ ನಿಮ್ಮ ಕಾಗದವನ್ನು ಇನ್ನೊಬ್ಬರಿಗೆ ಓದಿ ಹೇಳಿ ನಗಾಡಿದೆನೆಂದೇ?

ಕೆಲಸ ಶುರು ಮಾಡಿದ್ದೇವೆ. ನಾನು ಶಾಯಿ ಹಾಕಿದ ಮೊದಲ ಪುಟ ನೋಡಿ ಅಂಗಡಿಯವರು, ಎಲ್ಲ ಚೆನ್ನಾಗಿದೆ, ಆದರೆ ಯಾರೂ ಬದುಕಿಲ್ಲ ಎಂದರು. ನಿಜ, ಎಲ್ಲರೂ ಪ್ಲಾಸ್ಟರಿನ ಅಚ್ಚಿನ ಹಾಗಿದ್ದರು. ಹರಿದು ಹಾಕಿದೆ.

ಒಂದು ಸಾಲು ಬರೆಯಿರಿ.

ನಿಮ್ಮ ನಾದಿನಿ


ಮೇ 6

ಅತ್ತಿಗೆ,

ಇವತ್ತು ಸ್ಟೇಷನ್ನಿಗೆ ಫೋನು ಮಾಡಿದೆ. ನಿಮ್ಮ ಜಾಗದಲ್ಲಿ ಕೂಗುತ್ತಿರುವ ಹುಡುಗಿ, ಮೇಡಂ ತುಂಬ ದಿನದಿಂದ ರಜೆಯಲ್ಲಿದ್ದಾರೆ ಎಂದಳು. ಯಾಕೆಂದು ಅವಳಿಗೆ ಗೊತ್ತಿಲ್ಲ. ಜ್ವರ ಬಂದಾಗಲೂ ರಜೆ ಹಾಕದ ನೀವು? ಮನೆಗೆ ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ. ನನ್ನ ಮೇಲಿನ ಕೋಪವೇ ಇದು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಈಗ ಕೋಪವೇ ಆಗಿರಲಿ ಎನಿಸುತ್ತಿದೆ.

ಶನಿವಾರದ ಗಾಡಿಗೆ ಹೊರಟು ಬರುತ್ತೇನೆ.

ನಾದಿನಿ


ಮೇ 6

ನನ್ನ ಹಲ್ಲುಪುಡಿಗೆ,

ಗಾಬರಿಯಾಗಬೇಡ. ಎಲ್ಲ ಸರಿಯಾದ ಮೇಲೆ ಬರೆಯುತ್ತಿದ್ದೇನೆ, ಆದ್ದರಿಂದ ನೀನು ಹೊರಟು ಬರುವ ಅಗತ್ಯವಿಲ್ಲ. ಮೊದಲೇ ಬರೆದಿದ್ದರೆ ನೀನು ಓಡಿ ಬರುತ್ತಿದ್ದೆ, ಅದಕ್ಕೇ ಬರೆಯಲಿಲ್ಲ.

ಮಾರ್ಚಿನಿಂದಲೇ ನಿಮ್ಮಣ್ಣನ ಕಣ್ಣ ಮುಂದೆ ಕಪ್ಪು ಚುಕ್ಕೆ ಹಾರಾಡುತ್ತಿದ್ದವು. ಸೊಳ್ಳೆ ಎಂದುಕೊಂಡು ಹೊಡೆಯುತ್ತಿದ್ದರು. ಒಂದು ಬೆಳಿಗ್ಗೆ ಬಲಗಣ್ಣಿಗೆ ಅರ್ಧ ಪರದೆ ಎಳೆದ ಹಾಗಾಯಿತು. ಕಣ್ಣಿನ ಹಿಂಭಾಗದ ಪೊರೆ ಕಳಚಿಕೊಂಡಿದೆ, ಎಡಗಣ್ಣಿನದೂ ಸಡಿಲವಾಗಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡಿಸದೆ ಮಲಗಿರಬೇಕೆಂದರು. ಪಟ್ಟಿ ಬಿಚ್ಚುವವರೆಗೆ ಏನೂ ಹೇಳಲಾಗದು ಎಂದರು. ಆ ಮಾತು ಕೇಳಿ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ನಿನಗೆ ಬರೆಯಲು ಪೆನ್ನು ತೆಗೆದೆ. ಮತ್ತೆ ಇಟ್ಟೆ.

ನಿಮ್ಮಣ್ಣ ಮಾತಾಡುವುದನ್ನೇ ನಿಲ್ಲಿಸಿದರು. ಕತ್ತಲಲ್ಲಿ ಮಲಗಿಕೊಂಡು ಏನೇನು ಯೋಚಿಸುತ್ತಿದ್ದರೋ. ಪೇಪರ್ ಓದಿ ಹೇಳಿದರೆ ಬೇಡ ಎಂದರು. ರೇಡಿಯೋ ಬೇಡ. ಕೊನೆಗೆ ಮನೆಗೆ ಹೋಗಿ ಅಟ್ಟದಿಂದ ನಿನ್ನ ಎರಡೂ ಕಟ್ಟು ಇಳಿಸಿಕೊಂಡು ಬಂದೆ.

ಇಳಿಸಿಕೊಂಡು ಎಂಬುದು ಸುಳ್ಳು. ಅವು ಅಟ್ಟ ಹತ್ತಲೇ ಇಲ್ಲ, ನನ್ನ ದಿಂಬಿನ ಕೆಳಗಿದ್ದವು. ಎಲ್ಲವನ್ನೂ ಓದಿದ್ದೆ. ಕೆಲವನ್ನು ಎರಡು ಸಲ. ನಗಬೇಡ.

ಬೊಂಬೆ ಪುಸ್ತಕವನ್ನು ಕಣ್ಣು ಕಟ್ಟಿದವರಿಗೆ ಹೇಗೆ ಓದುವುದು? ಮಾತು ಮಾತ್ರ ಓದಿದರೆ ಏನೂ ತಿಳಿಯುವುದಿಲ್ಲ. ಪ್ರತಿ ಚೌಕದಲ್ಲೂ ಏನಿದೆಯೆಂದು ನಾನೇ ಹೇಳಬೇಕಾಯಿತು. ನೀರು ಯಾವ ಹಸಿರು, ಮೀನು ಯಾವ ಕಡೆ ತಿರುಗಿದೆ, ಅಡುಗೆಯವನ ಹೊಟ್ಟೆ ಪಂಪಿನ ಮೇಲೆ ಹೇಗೆ ಕೂತಿದೆ. ಗುಳ್ಳೆ ಏಳುವ ಕಡೆ ಬುಳು ಬುಳು ಎಂದೆ. ಮೊದಮೊದಲು ನಾಚಿಕೆ, ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಅದು ಕಣ್ಣಿನ ವಾರ್ಡು, ಸಾಲಾಗಿ ಹಾಸಿಗೆ, ಎಲ್ಲರ ಕಣ್ಣಿಗೂ ಪಟ್ಟಿ. ಮೂಲೆಯ ಹಾಸಿಗೆಯ ಮುದುಕ, "ಅಮ್ಮಾ, ಸ್ವಲ್ಪ ಜೋರಾಗಿ ಹೇಳಿ, ಇಲ್ಲಿಗೆ ಕೇಳಲ್ಲ," ಎಂದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಸ್ಟೇಷನ್ನಿನ ದನಿ ತೆಗೆದೆ. ಆಮೇಲೆ ಇಡೀ ವಾರ್ಡು ಸಮುದ್ರದ ತಳಕ್ಕೆ ಇಳಿಯಿತು. ಮಧ್ಯಾಹ್ನ ಔಷಧ ಕೊಡಲು ಬರುವ ನರ್ಸು ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು, ಔಷಧ ತಡವಾಯಿತೆಂದು ಬೈಸಿಕೊಂಡಳು.

ಗಾಳಿಯ ಕೊಳವೆ ಕತ್ತರಿಸಿದ ದಿನ ವಾರ್ಡಿನಲ್ಲಿ ಗಲಾಟೆ. ಮುಂದಿನದು ಇಲ್ಲವೆಂದರೆ ಯಾರೂ ನಂಬಲಿಲ್ಲ, ನಾನು ಬಚ್ಚಿಟ್ಟಿದ್ದೇನೆ ಎಂದರು. ಒಬ್ಬರು ಅವಳು ಸತ್ತೇ ಹೋದಳು ಎಂದರು. ಇನ್ನೊಬ್ಬರು ಸೀಸದ ಬೂಟು ಬಿಚ್ಚಿ ಮೇಲೆ ಈಜಬೇಕು ಎಂದರು. ಅಷ್ಟು ಆಳದಿಂದ ಉಸಿರು ಸಾಲದು ಎಂದರು ಮತ್ತೊಬ್ಬರು. ಆಗ ಇಷ್ಟು ದಿನ ಹೂಂ ಎಂದೂ ಅನ್ನದೆ ಮಲಗಿದ್ದ ನಿಮ್ಮಣ್ಣ ಬಾಯಿ ಬಿಟ್ಟರು.

"ಅವಳು ಮೇಲೆ ಬರಬಾರದು. ಇನ್ನೂ ಒಳಗೆ ಹೋಗ್ಬೇಕು," ಎಂದರು.

ಹಡಗು ಬೋರಲಾಗಿದೆ ಅಂದೆಯಲ್ಲ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಹಾಗಿದ್ದರೆ ಊರಿನ ನೀರಿನ ಪೈಪಿನ ಏರಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ನಿಲ್ಲುತ್ತದಲ್ಲ, ಹಾಗೆ ಅದರ ಎತ್ತರದ ಮೂಲೆಯಲ್ಲೂ ಗಾಳಿ ಸಿಕ್ಕಿಕೊಂಡಿರುತ್ತದೆ, ಆ ಗಾಳಿ ಬಿಡಿಸುವುದರಲ್ಲೇ ನನ್ನ ನೌಕರಿ ಕಳೆದದ್ದು ಎಂದರು. ಅಲ್ಲಿಗೆ ಹೋಗಿ ಟೊಪ್ಪಿ ತೆಗೆದು ಉಸಿರಾಡಲಿ, ಗಡಿಬಿಡಿ ಮಾಡದೆ ಯೋಚಿಸಲಿ, ಅಡುಗೆಯವನಿಗೆ ಬುದ್ಧಿ ಬಂದು ಹಗ್ಗ ಇಳಿಸುವವರೆಗೆ ಕಾಯಲಿ. ಆ ಹೊತ್ತಿಗೆ ಬುದ್ಧಿ ಬರುತ್ತದೆಯೇ ಎಂದು ಮೂಲೆಯ ಮುದುಕ ಕೇಳಿದರು. ತಿಂಡಿ ಮುಗಿದ ಮೇಲೆ ಬರುತ್ತದೆ ಎಂದರು ನಿಮ್ಮಣ್ಣ. ವಾರ್ಡೆಲ್ಲ ನಕ್ಕಿತು. ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಅವರಿಗೆ ಕಾಣುವ ಹಾಗಿರಲಿಲ್ಲ, ಆದರೂ ಮುಚ್ಚಿಕೊಂಡೆ.

ನಿನ್ನೆ ಪಟ್ಟಿ ಬಿಚ್ಚಿದರು. ಎಡಗಣ್ಣು ಪೂರ್ತಿ ಸರಿ. ಬಲಗಣ್ಣು ಸ್ವಲ್ಪ ಮಂಜು, ಕಳೆಯುತ್ತದಂತೆ. ಮೊದಲು ನನ್ನ ಮುಖ ನೋಡಿದರು. ಆಮೇಲೆ ಪುಸ್ತಕ ಕೊಡು ಎಂದರು. ಒಂದೊಂದೇ ಪುಟ ತಿರುಗಿಸಿದರು. "ನೀನು ಹೇಳಿದ್ದೇ ಚೆನ್ನಾಗಿತ್ತು. ಇದರಲ್ಲಿ ಹೊಟ್ಟೆ ಅಷ್ಟು ದೊಡ್ಡದಿಲ್ಲ," ಎಂದು ಮುಖ ಹುಳ್ಳಗೆ ಮಾಡಿದರು.

ಬೊಂಬೆ ನೋಡುವುದು ಓದಲ್ಲ ಎಂದವರು ಯಾರು ಎಂದು ಕೇಳಿದೆ. ನಾನಲ್ಲ ಎನ್ನುತ್ತಾರೆ.

ನಿನ್ನ ಅತ್ತಿಗೆ


ಮೇ 10

ಅತ್ತಿಗೆ,

ನಿಮ್ಮ ಕಾಗದ ಶುಕ್ರವಾರ ಸಂಜೆ ಬಂತು. ಪೆಟ್ಟಿಗೆ ತುಂಬಿ ಬಾಗಿಲಲ್ಲಿಟ್ಟಿದ್ದೆ. ಅಲ್ಲೇ ಅದರ ಮೇಲೆ ಕೂತು ಓದಿದೆ. ಮೊದಲು ಅತ್ತೆ, ಆಮೇಲೆ ನಕ್ಕೆ, ಆಮೇಲೆ ನಿಮ್ಮ ಮೇಲೆ ಕೆಟ್ಟ ಸಿಟ್ಟು ಬಂತು. ಇನ್ನೊಮ್ಮೆ ಹೀಗೆ ಮುಚ್ಚಿಟ್ಟರೆ ನಿಮ್ಮ ಜೊತೆ ಮಾತಿಲ್ಲ. ಅಣ್ಣನ ಸ್ವರ ಕೇಳಿದ ಮೇಲೆಯೇ ನನಗೆ ಸಮಾಧಾನ, ಭಾನುವಾರ ಫೋನು ಮಾಡುತ್ತೇನೆ. ಗಂಟಲು ನೋವು ಎಂದರೆ ಕೇಳುವುದಿಲ್ಲ.

ಅಣ್ಣ ಹೇಳಿದ್ದನ್ನು ಅಂಗಡಿಯವರಿಗೆ ಓದಿ ಹೇಳಿದೆ. ಕೇಳುತ್ತಲೇ ಪೆನ್ಸಿಲು ಹುಡುಕಿದರು. ಕಿವಿಯ ಮೇಲೇ ಇತ್ತು. ಅಷ್ಟು ವರ್ಷ ಅವಳನ್ನು ಮೇಲಕ್ಕೆ ಎಳೆಯಲು ನೋಡುತ್ತಿದ್ದೆ, ಒಳಗೆ ಕಳಿಸುವುದು ಹೊಳೆಯಲೇ ಇಲ್ಲ ಎಂದರು.

ನಿಮ್ಮ ನಾದಿನಿ


ಆಗಸ್ಟ್ 16

ಪ್ರೀತಿಯ ಅತ್ತಿಗೆ, ಅಣ್ಣನಿಗೆ,

ಪುಸ್ತಕ ಅಚ್ಚಾಗಿದೆ. ಈ ಕಾಗದದ ಜೊತೆಗೇ ಇದೆ, ಇದನ್ನು ಓದಿ ಮುಗಿಸಿದ ಮೇಲೆ ತೆರೆಯಿರಿ.

ಎಷ್ಟು ಪುಟ ಹರಿದಿದ್ದೇನೋ ಲೆಕ್ಕವಿಲ್ಲ. ಗೆರೆ ನಡುಗಬಾರದು ಎಂದುಕೊಂಡು ನಾನು ಉಸಿರು ಬಿಗಿಹಿಡಿದು ಎಳೆಯುತ್ತಿದ್ದೆ. "ನಡುಗಬಾರದು ಅಂತಲ್ಲಮ್ಮ. ಎಲ್ಲಿ ನಡುಗಬೇಕೋ ಅಲ್ಲಿ ನಡುಗಲಿ," ಎಂದರು ಒಂದು ದಿನ. ಅವತ್ತಿನಿಂದ ಮುಖಗಳಿಗೆ ಜೀವ ಬಂತು. ಹವಳದ ದೊರೆಯ ಹಲ್ಲಿನ ಬಗ್ಗೆ ಮಾತ್ರ ಕಡೆಯವರೆಗೂ ಜಗಳ. ಕೊನೆಗೆ ಇಪ್ಪತ್ತೆರಡೂ ಇರಲಿ ಎಂದು ನಾನೇ ಸೋತೆ. ಅವರದೇ ಸೆಟ್ಟು ಕೂರಿಸಿದ ದಿನ ಕನ್ನಡಿ ನೋಡಿಕೊಂಡು, ಇದರಲ್ಲಿ ಎಷ್ಟಿವೆ ಎಂದು ಕೇಳಿದರು. ಇರಬೇಕಾದಷ್ಟೇ ಇವೆ ಎಂದೆ.

ಅಂಗಡಿಯ ಕಿಟಕಿಯಲ್ಲಿ ಪುಸ್ತಕ ಇಟ್ಟ ಮರುದಿನ ಒಬ್ಬ ಬಸ್ ಡ್ರೈವರು ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ ಇಳಿದು ಬಂದರು. ಬಸ್ಸಿನ ತುಂಬ ಜನ. ಬಾಗಿಲಲ್ಲೇ ನಿಂತು, "ಬಂದಳಾ?" ಎಂದರು, ಅಷ್ಟೇ. ಚಿಕ್ಕವರಿದ್ದಾಗ ಕಡೆಯ ಸಂಚಿಕೆ ಓದಿ ಅತ್ತವರಂತೆ. ಅಂಗಡಿಯವರು ಒಳಗೆ ಹೋಗಿಬಿಟ್ಟರು. ಅವರ ಪರವಾಗಿ ಪುಸ್ತಕ ನಾನೇ ಕೊಟ್ಟೆ.

ಈಗ ಹೇಳಬೇಕಾದದ್ದು. ರಜೆಗೆ ಹೋದ ಹುಡುಗಿ ಲ್ಯಾಬಿಗೆ ವಾಪಸು ಬರುವುದಿಲ್ಲವಂತೆ. ಜಾಗ ಖಾಯಂ ಆಗಿ ನಿಮಗೆ ಬೇಕಾ ಎಂದು ಮ್ಯಾನೇಜರು ಕೇಳಿದರು. ಬೇಕು ಎಂದುಬಿಟ್ಟೆ. ನಿಮ್ಮನ್ನು ಕೇಳದೆ ನಾನು ಹೇಳಿದ ಮೊದಲ ಮಾತು ಅದು. ಅಣ್ಣ ಆಸ್ಪತ್ರೆಗೆ ಎಷ್ಟು ಸಲ ಅಲೆದಿದ್ದಾನೆಂದು ಗೊತ್ತು. ನನ್ನ ಕೋಣೆ ಖಾಲಿ ಬಿದ್ದಿದೆ ಎಂದೂ ಗೊತ್ತು. ಆದರೆ ಸಂಜೆ ಲ್ಯಾಬಿನಿಂದ ಬಂದು ದೀಪ ಹಾಕಿ, ಬಿಳಿ ಹಾಳೆ ಮುಂದಿಟ್ಟುಕೊಂಡಾಗ ನನಗೆ ಏನಾಗುತ್ತದೆಂದು ಹೇಗೆ ಬರೆಯಲಿ? ಚಿತ್ರದಲ್ಲಾದರೆ ಹೇಳಬಹುದೇನೋ. ಹೊಸ ಕಥೆಯೊಂದನ್ನು ಶುರು ಮಾಡೋಣವೆಂದು ಅಂಗಡಿಯವರು ಅನ್ನುತ್ತಿದ್ದಾರೆ. ಈ ಸಲ ಕಥೆ ನನ್ನದಂತೆ.

ಬೇಸರವಾದರೆ ಬೇಸರ ಎಂದೇ ಬರೆಯಿರಿ. ಸುಮ್ಮನಿರಬೇಡಿ.

ನಿಮ್ಮ ನಾದಿನಿ


ಆಗಸ್ಟ್ 25

ಪ್ರೀತಿಯ ಹಲ್ಲುಪುಡಿಗೆ,

ಬೇಸರ. ಬರೆ ಎಂದೆಯಲ್ಲ, ಬರೆದಿದ್ದೇನೆ. ಎರಡು ದಿನ ಚೆನ್ನಾಗಿ ಬೇಸರವಾಯಿತು. ಊಟಕ್ಕೆ ಕೂತಾಗ ನಿಮ್ಮಣ್ಣನೂ ನಾನೂ ನಿನ್ನ ಕುರ್ಚಿಯ ಕಡೆ ನೋಡದ ಹಾಗೆ ನೋಡುತ್ತಿದ್ದೆವು. ಮೂರನೇ ದಿನ ಆ ಕುರ್ಚಿಯ ಮೇಲೆ ಅವರು ಒಗೆದ ಬಟ್ಟೆ ರಾಶಿ ಹಾಕಿದರು. ನಾನು ಬೈದೆ. ಅಲ್ಲಿಗೆ ಮನೆ ಮೊದಲಿನಂತಾಯಿತು.

ಮುಂದಿನ ತಿಂಗಳು ಇಬ್ಬರೂ ಬರುತ್ತೇವೆ. ಆ ಕಡಿದಾದ ಮೆಟ್ಟಿಲು ನಿಮ್ಮಣ್ಣ ಹತ್ತಬಲ್ಲರು, ನಾನು ಹತ್ತುವುದಿಲ್ಲ, ಅಂಗಡಿಯಲ್ಲೇ ಕೂರುತ್ತೇನೆ. ಮದುವೆ ಮಾಡಿಸಲು ಹೊರಟಿದ್ದ ಹೆಂಗಸು ಇವಳೇ ಎಂದು ನೀನೇನೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಪುಸ್ತಕವನ್ನು ನಿನ್ನೆ ಮಧ್ಯಾಹ್ನ ತೆರೆದೆವು. ನಿಮ್ಮಣ್ಣನ ಕಣ್ಣು ಈಗ ಎಷ್ಟು ಚುರುಕೆಂದರೆ ನನ್ನ ಬಿಳಿ ಕೂದಲು ದೂರದಿಂದಲೇ ತೋರಿಸುತ್ತಾರೆ. ಆದರೂ ಪುಸ್ತಕ ಕೈಗೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡು, ನೀನೇ ಹೇಳು ಎಂದರು.

ಹೇಳಿದೆ. ಅವಳು ಕತ್ತಲೆಯಲ್ಲಿ ತಡಕಾಡುತ್ತ ಒಳಗೊಳಗೆ ಹೋದದ್ದು, ಎತ್ತರದ ಮೂಲೆಯಲ್ಲಿ ಟೊಪ್ಪಿ ತೆಗೆದದ್ದು. ಅಲ್ಲಿ ನಿಮ್ಮಣ್ಣ, ನೋಡಿದೆಯಾ ಎಂದರು. ಅಡುಗೆಯವನು ಕೈಯೊರೆಸಿಕೊಂಡು ಹಗ್ಗ ಇಳಿಸಿದ್ದು. ಹವಳದ ದೊರೆ ಹಲ್ಲು ಕಿರಿಯುವುದನ್ನು ಮರೆತದ್ದು. ಎಲ್ಲವನ್ನೂ ಹೇಳಿದೆ, ಬುಳು ಬುಳು ಸಮೇತ. ಕೊನೆಯ ಪುಟ ತಿರುಗಿಸಿದೆ.

ಅಲ್ಲಿ ಏನಿದೆಯೆಂದು ನಿನಗೆ ಗೊತ್ತು. ಇಡೀ ಪುಟಕ್ಕೆ ಒಂದೇ ಚೌಕ. ಮಾತಿಲ್ಲ, ಗುಳ್ಳೆಯಿಲ್ಲ. ಬೆಳಗಿನ ಸಮುದ್ರ, ಅದರ ನಡುವೆ ಆಗಷ್ಟೇ ಮೇಲೆದ್ದ ಒದ್ದೆ ತಲೆ, ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಾಳೆ. ಆ ಬಾಯಲ್ಲಿ ಮುಂದಿನ ಒಂದು ಹಲ್ಲು ಚೂರು ಓರೆ, ನಿನ್ನದರ ಹಾಗೆ. ಅಂಗಡಿಯವರು ಗೀಚಿದ್ದೋ ನೀನೇ ಎಳೆದದ್ದೋ ತಿಳಿಯದು. ಇಷ್ಟು ವರ್ಷ ಮೈಕಿನ ಮುಂದೆ ಕೂತವಳು ಸುಮ್ಮನೆ ಪುಟ ಹಿಡಿದುಕೊಂಡು ಕೂತೆ.

"ಯಾಕೆ ನಿಲ್ಲಿಸಿದೆ? ಬಂದಳಾ ಮೇಲೆ?" ಎಂದರು ನಿಮ್ಮಣ್ಣ.

"ಬಂದಳು."

"ಹೇಗಿದ್ದಾಳೆ ಹೇಳು ಮತ್ತೆ."

"ನೀವೇ ನೋಡಿ," ಎಂದೆ.

ಕಣ್ಣು ತೆರೆದು ಪುಸ್ತಕ ಇಸಿದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ, ಚೆನ್ನಾಗಿದ್ದಾಳೆ ಬಿಡು ಎಂದರು. ಯಾರ ಬಗ್ಗೆ ಹೇಳಿದರೆಂದು ನಾನು ಕೇಳಲಿಲ್ಲ.

ನಿನ್ನ ಅತ್ತಿಗೆ